ಪ್ರಸಾದ ನಿಲಯದ ಬಾಗಿಲು ದಾಟಿದ ಮೇಲೆ



ಬಸವ ಜಯಂತಿಯ ದಿನ ನಮ್ಮ ವೇದಿಕೆಗಳಲ್ಲಿ ಅತಿ ಹೆಚ್ಚು ಸಲ ಕೇಳಿಬರುವ ಮಾತು 'ಕಾಯಕ'. ಕೆಲವೇ ವಾರಗಳಲ್ಲಿ ಅದೇ ಮಠದ ಪ್ರಸಾದ ನಿಲಯದಿಂದ ಪದವಿ ಮುಗಿಸಿದ ಹುಡುಗನೊಬ್ಬ ಟ್ರಂಕು, ಹಾಸಿಗೆ ಕಟ್ಟಿಕೊಂಡು ಹೊರಡುತ್ತಾನೆ. ಗದ್ದುಗೆಗೆ ನಮಸ್ಕರಿಸುತ್ತಾನೆ, ಪೂಜ್ಯರ ಆಶೀರ್ವಾದ ಪಡೆಯುತ್ತಾನೆ, ಬಸ್ ಹತ್ತುತ್ತಾನೆ. ಅವನಿಗೆ ಒಗ್ಗುವ ಕಾಯಕ ಯಾವುದು, ಅದನ್ನು ಎಲ್ಲಿ ಹುಡುಕಬೇಕು, ಸಿಕ್ಕರೆ ಏನು ಕೇಳಬೇಕು, ಏನನ್ನು ಕೊಡಬಾರದು ಎಂದು ಹೇಳುವವರು ಆ ದಿನ ಯಾರೂ ಇರುವುದಿಲ್ಲ. ನಾವು ಕಾಯಕದ ಮಹಿಮೆಯನ್ನು ಅವನಿಗೆ ಹದಿನೈದು ವರ್ಷ ಹೇಳಿದ್ದೇವೆ. ಕಾಯಕದ ದಾರಿಯನ್ನು ಒಂದು ದಿನವೂ ಹೇಳಿಲ್ಲ.

ಎರಡು ವರ್ಷಗಳ ಹಿಂದೆ ಇಂಥ ಹುಡುಗನೊಬ್ಬ ನಮ್ಮ ಮನೆಗೆ ಬಂದ. ಐದು ವರ್ಷ ಪ್ರಸಾದ ನಿಲಯದಲ್ಲಿ ಉಂಡವನು. ಬಿ.ಕಾಂ.ನಲ್ಲಿ ಮೂರು ವರ್ಷ ನನ್ನ ವಿದ್ಯಾರ್ಥಿ. ತಂದೆ ಎಪಿಎಂಸಿಯಲ್ಲಿ ಹಮಾಲಿ. ಬೆಂಗಳೂರಿಗೆ ಹೋದ ಎರಡನೇ ವಾರದಲ್ಲಿ ನೌಕರಿ ಕೊಡಿಸುವ ಕಚೇರಿಯೊಂದಕ್ಕೆ ಹದಿನೆಂಟು ಸಾವಿರ ರೂಪಾಯಿ 'ನೋಂದಣಿ ಶುಲ್ಕ' ಕಟ್ಟಿದ್ದ. ಮೂಲ ಅಂಕಪಟ್ಟಿಗಳನ್ನೂ ಅಲ್ಲೇ ಕೊಟ್ಟಿದ್ದ. ಮೂರು ತಿಂಗಳಲ್ಲಿ ಆ ಕಚೇರಿಗೆ ಬೀಗ ಬಿತ್ತು. ರೊಕ್ಕ ಹೋದದ್ದನ್ನು ಅವನು ಆಗಲೇ ನುಂಗಿಕೊಂಡಿದ್ದ. ಅಂಕಪಟ್ಟಿಯ ನಕಲು ಪಡೆಯುವುದು ಹೇಗೆಂದು ಕೇಳಲು ಬಂದಿದ್ದ.

"ಕೊಡೂ ಮುಂಚೆ ಯಾರನ್ನಾದರೂ ಒಂದು ಮಾತು ಕೇಳಬಾರದಿತ್ತೇನಪ್ಪ?" ಎಂದೆ.

"ಯಾರನ್ನ ಕೇಳಬೇಕಿತ್ರಿ ಸರ? ಕೇಳಾಕ ನಮಗ ಯಾರ ಅದಾರ್ರೀ?" ಎಂದ.

ಆ ಮಾತು ನನ್ನನ್ನು ಇಂದಿಗೂ ಬಿಟ್ಟಿಲ್ಲ. ಅವನಿಗೆ ವೆಚ್ಚ ಲೆಕ್ಕಶಾಸ್ತ್ರ ಕಲಿಸಿದವನು ನಾನೇ. ಒಂದು ಸಂಬಳದ ಚೀಟಿಯನ್ನು ಓದುವುದು ಹೇಗೆಂದು ನಾನು ಅವನಿಗೆ ಕಲಿಸಿರಲಿಲ್ಲ. 'ಕೆಲಸ ಕೊಡುವವನು ನಿನ್ನಿಂದ ರೊಕ್ಕ ಕೇಳುವುದಿಲ್ಲ, ಕೇಳಿದರೆ ಅಲ್ಲಿಂದ ಎದ್ದು ಬಾ' ಎಂಬ ಒಂದು ವಾಕ್ಯವನ್ನು ಯಾರಾದರೂ ಹೇಳಿದ್ದರೆ ಒಬ್ಬ ಹಮಾಲಿಯ ವರ್ಷದ ಉಳಿತಾಯ ಉಳಿಯುತ್ತಿತ್ತು.

ನಮ್ಮ ಮಠಗಳು, ಸಂಸ್ಥೆಗಳು ಮಾಡಿದ ಕೆಲಸ ಸಣ್ಣದಲ್ಲ. ಅದನ್ನು ಮರೆತು ಮಾತನಾಡಿದರೆ ಕೃತಘ್ನತೆಯಾದೀತು. ವಿಜಯಪುರದಲ್ಲಿ 1910ರಲ್ಲಿ ಬಿ.ಎಲ್.ಡಿ.ಇ. ಸಂಸ್ಥೆ ಹುಟ್ಟಿತು. ಬೆಳಗಾವಿಯಲ್ಲಿ 1916ರಲ್ಲಿ ಏಳು ಮಂದಿ ಶಿಕ್ಷಕರು ಸೇರಿ ಕೆ.ಎಲ್.ಇ. ಸಂಸ್ಥೆ ಕಟ್ಟಿದರು. ಸಿದ್ಧಗಂಗೆಯಲ್ಲಿ ಶಿವಕುಮಾರ ಸ್ವಾಮಿಗಳು ಜಾತಿ ಕೇಳದೆ ಸುಮಾರು ಹತ್ತು ಸಾವಿರ ಮಕ್ಕಳಿಗೆ ಅನ್ನ, ಅಕ್ಷರ, ಆಸರೆ ಕೊಟ್ಟರು. ಧಾರವಾಡ, ಗದಗ, ಚಿತ್ರದುರ್ಗ, ಸುತ್ತೂರು ಹೀಗೆ ಊರೂರಿನ ಮಠಗಳ ಪ್ರಸಾದ ನಿಲಯಗಳಿಲ್ಲದಿದ್ದರೆ ಇಂದಿನ ಎಷ್ಟೋ ಅಧಿಕಾರಿಗಳು, ವೈದ್ಯರು, ಶಿಕ್ಷಕರು ಹೊಲ ಬಿಟ್ಟು ಹೊರಗೆ ಬರುತ್ತಲೇ ಇರಲಿಲ್ಲ.

ಆದರೆ ಆ ಕಾಲದ ಲೆಕ್ಕ ಬೇರೆ. ಅಂದು ಓದಿದವರು ಕೆಲವರು. ಮೆಟ್ರಿಕ್ ಪಾಸಾದರೆ ಮಾಸ್ತರಿಕೆ, ಪದವಿ ಪಡೆದರೆ ಕಚೇರಿ ನೌಕರಿ. ಪದವಿಯೇ ದಾರಿಯಾಗಿತ್ತು. ಇಂದು ಪದವಿ ಬಾಗಿಲು ಮಾತ್ರ. ಅದರಾಚೆ ನೂರು ಓಣಿಗಳು. ರಾಜ್ಯ ಸರ್ಕಾರ 2024ರ ಜನವರಿ 12ರಂದು ಶಿವಮೊಗ್ಗದಲ್ಲಿ ಯುವನಿಧಿ ಯೋಜನೆಗೆ ಚಾಲನೆ ಕೊಟ್ಟು, ನಿರುದ್ಯೋಗಿ ಪದವೀಧರರಿಗೆ ತಿಂಗಳಿಗೆ 3,000 ರೂಪಾಯಿ, ಡಿಪ್ಲೊಮಾ ಆದವರಿಗೆ 1,500 ರೂಪಾಯಿಯಂತೆ ಗರಿಷ್ಠ ಎರಡು ವರ್ಷ ಕೊಡಲು ಹೊರಟಿದ್ದೇ, ಪದವಿಗೂ ಕೆಲಸಕ್ಕೂ ನಡುವೆ ಒಂದು ದೊಡ್ಡ ಕಂದಕವಿದೆ ಎಂಬುದಕ್ಕೆ ಸಾಕ್ಷಿ. ಆ ಕಂದಕದಲ್ಲಿ ಕೈಖರ್ಚಿಗೆ ಹಣ ಬಂದರೂ ದಾರಿ ತೋರುವ ಮಾತು ಬರುವುದಿಲ್ಲ.

ಪೇಟೆಯ ಮಕ್ಕಳಿಗೆ ಆ ಮಾತು ಮನೆಯಲ್ಲೇ ಸಿಗುತ್ತದೆ. ಚಿಕ್ಕಪ್ಪ ಬ್ಯಾಂಕಿನಲ್ಲಿ, ಅತ್ತೆಯ ಮಗಳು ಸಾಫ್ಟ್‌ವೇರ್ ಕಂಪನಿಯಲ್ಲಿ, ಪಕ್ಕದ ಮನೆಯವರು ಕಾರ್ಖಾನೆಯ ಮ್ಯಾನೇಜರ್. ಊಟದ ತಟ್ಟೆಯ ಮುಂದೆ ಕೂತೇ ಅವರು ಅರ್ಧ ಲೋಕಜ್ಞಾನ ಪಡೆಯುತ್ತಾರೆ. ಮನೆಯಲ್ಲಿ ಮೊದಲ ಸಲ ಪದವಿ ಪಡೆದವನಿಗೆ ಆ ಚಿಕ್ಕಪ್ಪ ಇಲ್ಲ. ಅವನಿಗೆ ಇರುವುದು ನಾವು, ಅಂದರೆ ಮಠ, ಪ್ರಸಾದ ನಿಲಯ, ಬಸವ ಕೇಂದ್ರ. ಅನ್ನದಲ್ಲಿ ತಾಯಿಯಾದ ಮಠ ಈ ವಿಷಯದಲ್ಲಿ ಚಿಕ್ಕಪ್ಪನೂ ಆಗಬೇಕು ಎಂಬುದು ನನ್ನ ವಾದ. ಅದಕ್ಕೆ ಇಂದು ಸುಲಭದ ಸಾಧನವೊಂದಿದೆ: ಪಾಡ್‌ಕಾಸ್ಟ್.

ಹಿರಿಯರಿಗೆ ಈ ಪದ ಹೊಸತಿರಬಹುದು. ಧಾರವಾಡ ಆಕಾಶವಾಣಿಯನ್ನು 1950ರಿಂದ ಕೇಳುತ್ತ ಬಂದ ನಾಡಿಗೆ ವಸ್ತು ಹೊಸದಲ್ಲ. ಇದೂ ರೇಡಿಯೊ ಮಾತುಕತೆಯೇ. ನಿಲಯವಿಲ್ಲ, ಇಂಥ ಹೊತ್ತಿಗೇ ಕೇಳಬೇಕೆಂಬ ಕಟ್ಟಿಲ್ಲ. ಧ್ವನಿಯನ್ನು ಮೊಬೈಲಿನಲ್ಲಿ ಮುದ್ರಿಸಿ ಅಂತರ್ಜಾಲಕ್ಕೆ ಏರಿಸಿದರೆ ಆಯಿತು. ಬೇಕಾದವರು ಬೇಕಾದಾಗ ಕೇಳುತ್ತಾರೆ. ಬಸ್ಸಿನಲ್ಲಿ, ಹೊಲದಲ್ಲಿ, ರೊಟ್ಟಿ ಬಡಿಯುತ್ತ ಕೇಳಬಹುದು. ವಿಡಿಯೊಗೆ ಹೋಲಿಸಿದರೆ ಡೇಟಾ ಬಹಳ ಕಡಿಮೆ: ಮಾತಿಗೆ ಸಾಕಾಗುವ ಗುಣಮಟ್ಟದಲ್ಲಿ ಹದಿನೈದು ನಿಮಿಷದ ಸಂಚಿಕೆ ಸುಮಾರು 7 ಎಂಬಿ. ವಾಟ್ಸ್‌ಆ್ಯಪ್‌ನಲ್ಲಿ ಒಂದು ಪ್ರಸಾದ ನಿಲಯದಿಂದ ಇನ್ನೊಂದಕ್ಕೆ ಕೈಯಿಂದ ಕೈಗೆ ದಾಟುತ್ತದೆ.

ಕಳೆದ ವರ್ಷ ನಮ್ಮೂರಿನ ಪ್ರಸಾದ ನಿಲಯದ ಆರು ವಿದ್ಯಾರ್ಥಿಗಳೊಂದಿಗೆ ನಾವು ಇದನ್ನು ಮಾಡಿ ನೋಡಿದೆವು. ಒಂದು ಮೊಬೈಲು, ಮುನ್ನೂರು ರೂಪಾಯಿಯ ಕಾಲರ್ ಮೈಕು, ಪ್ರತಿಧ್ವನಿ ಬಾರದಂತೆ ಗೋಡೆಗೆ ಕಟ್ಟಿದ ಎರಡು ಕಂಬಳಿ. ಮೊದಲ ಸಂಚಿಕೆಯಲ್ಲಿ ನಿವೃತ್ತ ಅಧಿಕಾರಿಯೊಬ್ಬರು ನಲವತ್ತೈದು ನಿಮಿಷ ಮಾತನಾಡಿದರು. ಶಿಸ್ತು, ಪರಿಶ್ರಮ, ಗುರಿ. ಹುಡುಗರು ಗೌರವದಿಂದ ಸುಮ್ಮನಿದ್ದರು. ಒತ್ತಾಯಿಸಿ ಕೇಳಿದಾಗ, ಐದು ನಿಮಿಷಕ್ಕೇ ನಿಲ್ಲಿಸಿದೆವು ಎಂದರು.

ಎರಡನೆಯದಕ್ಕೆ ನಮ್ಮದೇ ನಿಲಯದಲ್ಲಿ ಓದಿ, ಪೀಣ್ಯದ ಕಾರ್ಖಾನೆಯೊಂದರಲ್ಲಿ ಯಂತ್ರ ನಡೆಸುವ ಹುಡುಗನನ್ನು ಕರೆದೆವು. ಅವನು ಹದಿನಾಲ್ಕು ನಿಮಿಷದಲ್ಲಿ ತನ್ನ ಮೊದಲ ತಿಂಗಳ ಕಥೆ ಹೇಳಿದ. ಒಂದು ಕೋಣೆಗೆ ನಾಲ್ವರು ಸೇರಿ ಬಾಡಿಗೆ ಹಂಚಿಕೊಂಡದ್ದು. ರಾತ್ರಿ ಪಾಳಿಯಲ್ಲಿ ನಿದ್ದೆ ತಡೆದದ್ದು. ಹೆಚ್ಚುವರಿ ದುಡಿಮೆಗೆ ಕಾರ್ಖಾನೆ ಕಾನೂನಿನಂತೆ ದುಪ್ಪಟ್ಟು ದರ ಬರಬೇಕೆಂಬುದು ಗೊತ್ತಿಲ್ಲದೆ ಐದು ತಿಂಗಳು ಕಳೆದುಕೊಂಡದ್ದು. ಕೊನೆಗೆ, ಮೊದಲ ಸಂಬಳದಲ್ಲಿ ಅವ್ವನಿಗೆ ಸೀರೆ ತಂದಾಗ ಅವಳು ಬೆಲೆ ಕೇಳಿ ಬೈದದ್ದು. ಆ ಸಂಚಿಕೆಯನ್ನು ನಾವು ಹಂಚಬೇಕಾಗಲೇ ಇಲ್ಲ. ವಾರದಲ್ಲಿ ಬೇರೆ ಊರಿನ ನಿಲಯಗಳಿಂದ ನನಗೇ ತಿರುಗಿ ಬಂತು.

ಇದರಲ್ಲಿ ಶರಣ ಪರಂಪರೆಗೆ ಹೊಸದೇನೂ ಇಲ್ಲ. ಅನುಭವ ಮಂಟಪದಲ್ಲಿ ಕೂತವರು ಯಾರು? ಬಟ್ಟೆ ಒಗೆಯುವ ಮಾಚಯ್ಯ, ಹುಟ್ಟು ಹಾಕುವ ಚೌಡಯ್ಯ, ಹಗ್ಗ ಹೊಸೆಯುವ ಚಂದಯ್ಯ, ನೂಲು ತೆಗೆಯುವ ಕದಿರ ರೆಮ್ಮವ್ವೆ. ಅವರ ಹೆಸರಿಗೇ ಕಾಯಕ ಅಂಟಿಕೊಂಡಿದೆ. ಅವರು ತಮ್ಮ ಕೆಲಸದ ಅನುಭವದಿಂದಲೇ ಮಾತನಾಡಿದರು, ಜನರ ಕನ್ನಡದಲ್ಲಿ ಮಾತನಾಡಿದರು. ಅವರ ಅನುಭಾವವನ್ನು ನಮಗೆ ಉಳಿಸಿಕೊಟ್ಟ ಫ.ಗು. ಹಳಕಟ್ಟಿಯವರು 1923ರಲ್ಲಿ ವಚನಶಾಸ್ತ್ರಸಾರದ ಮೊದಲ ಭಾಗ ಹೊರತಂದರು, 1926ರಲ್ಲಿ 'ಶಿವಾನುಭವ' ಪತ್ರಿಕೆ ಆರಂಭಿಸಿದರು, ಮನೆ ಮಾರಿ ಮುದ್ರಣಾಲಯ ಮಾಡಿದರು. ಅವರ ಕಾಲದ ಹೊಸ ಯಂತ್ರ ಅಚ್ಚಿನ ಯಂತ್ರ. ಅದನ್ನು ಅವರು ದೂರವಿಡಲಿಲ್ಲ. ನಮ್ಮ ಕಾಲದ ಅಚ್ಚಿನ ಯಂತ್ರ ಹುಡುಗರ ಕಿಸೆಯಲ್ಲಿದೆ. ಅದಕ್ಕೆ ಮನೆ ಮಾರಬೇಕಾಗಿಯೂ ಇಲ್ಲ.

ಹಾಗಾದರೆ ಏನು ಹೇಳಬೇಕು? ಸ್ಫೂರ್ತಿಯ ಮಾತುಗಳು ಈಗಾಗಲೇ ಬೇಕಾದಷ್ಟಿವೆ. ಬೇಕಾಗಿರುವುದು ಬಿಡಿ ಬಿಡಿ ವಿವರ.

ಒಂದು, ನೇಮಕಾತಿ ಪತ್ರ ಮತ್ತು ಸಂಬಳದ ಲೆಕ್ಕ. 'ವರ್ಷಕ್ಕೆ ಮೂರು ಲಕ್ಷದ ಪ್ಯಾಕೇಜ್' ಎಂದರೆ ತಿಂಗಳಿಗೆ 25,000 ಕೈಗೆ ಬರುತ್ತದೆಂದು ನಮ್ಮ ಹುಡುಗರು ಊರಿಗೆ ಫೋನು ಮಾಡುತ್ತಾರೆ. ಅದರಲ್ಲಿ ಮಾಲೀಕ ತುಂಬುವ ಭವಿಷ್ಯನಿಧಿಯ ಪಾಲೂ ಸೇರಿರುತ್ತದೆಂದು ಅವರಿಗೆ ತಿಳಿಯುವುದು ಮೊದಲ ಸಂಬಳದ ದಿನ. 20 ಅಥವಾ ಹೆಚ್ಚು ಜನ ದುಡಿಯುವ ಸಂಸ್ಥೆಗಳಿಗೆ ಭವಿಷ್ಯನಿಧಿ ಕಾನೂನು ಅನ್ವಯಿಸುತ್ತದೆ. ಸಾಮಾನ್ಯವಾಗಿ ಮೂಲ ವೇತನ ಮತ್ತು ತುಟ್ಟಿಭತ್ಯೆಯ ಶೇ. 12ರಷ್ಟು ನೌಕರನಿಂದ, ಅಷ್ಟೇ ಮಾಲೀಕನಿಂದ. ತಿಂಗಳ ವೇತನ 21,000 ರೂಪಾಯಿಯ ಒಳಗಿದ್ದರೆ ಇಎಸ್ಐ. ಅದರಲ್ಲಿ ನೌಕರನ ಪಾಲು ಶೇ. 0.75, ಮಾಲೀಕನ ಪಾಲು ಶೇ. 3.25. ಈ ನಾಲ್ಕು ಅಂಕಿ ಗೊತ್ತಿದ್ದರೆ ಇಎಸ್ಐ ಆಸ್ಪತ್ರೆ ಇದ್ದೂ ಸಾಲ ಮಾಡಿ ಹೆರಿಗೆ ಮಾಡಿಸುವ ಪ್ರಮೇಯ ಎಷ್ಟೋ ಮನೆಗಳಿಗೆ ಬರುವುದಿಲ್ಲ.

ಎರಡು, ಕಲಿಯುತ್ತ ದುಡಿಯುವ ದಾರಿ. ಶಿಶಿಕ್ಷು ಕಾಯ್ದೆ 1961ರಷ್ಟು ಹಳೆಯದು. ಐಟಿಐ ಆದವರಿಗಷ್ಟೇ ಅಪ್ರೆಂಟಿಸ್‌ಶಿಪ್ ಎಂದು ನಮ್ಮವರ ತಿಳಿವಳಿಕೆ. ಡಿಪ್ಲೊಮಾ, ಪದವಿ ಆದವರಿಗೂ ಒಂದು ವರ್ಷ ಭತ್ಯೆ ಸಹಿತ ಕಾರ್ಖಾನೆ, ಕಚೇರಿಗಳಲ್ಲಿ ತರಬೇತಿ ಕೊಡುವ ರಾಷ್ಟ್ರೀಯ ಯೋಜನೆಯಿದೆ. ಸರ್ಕಾರದ ಉಪಕರಣಾಗಾರ ಮತ್ತು ತರಬೇತಿ ಕೇಂದ್ರಗಳು, ಅಂದರೆ ಜಿಟಿಟಿಸಿಗಳು, ರಾಜ್ಯದ ಹಲವು ಊರುಗಳಲ್ಲಿವೆ. ನಮ್ಮ ಪಿಯುಸಿ ಮಕ್ಕಳಲ್ಲಿ ಎಷ್ಟು ಜನ ಅದರ ಗೇಟು ನೋಡಿದ್ದಾರೆ?

ಮೂರು, ಸ್ಪರ್ಧಾತ್ಮಕ ಪರೀಕ್ಷೆ. ಧಾರವಾಡದ ಸಪ್ತಾಪುರ, ಬೆಂಗಳೂರಿನ ವಿಜಯನಗರದ ಕೋಣೆಗಳಲ್ಲಿ ನಮ್ಮ ಮಕ್ಕಳ ಯೌವನ ಕಳೆಯುತ್ತಿದೆ. ಪ್ರಯತ್ನ ಬೇಡವೆನ್ನುತ್ತಿಲ್ಲ. ಆದರೆ 545 ಪಿಎಸ್ಐ ಹುದ್ದೆಗಳಿಗೆ 2021ರ ಅಕ್ಟೋಬರ್‌ನಲ್ಲಿ ನಡೆದ ಪರೀಕ್ಷೆ ಅಕ್ರಮ ಬಯಲಾಗಿ 2022ರ ಏಪ್ರಿಲ್‌ನಲ್ಲಿ ರದ್ದಾಯಿತು. ಮರುಪರೀಕ್ಷೆ ನಡೆದದ್ದು 2024ರ ಜನವರಿಯಲ್ಲಿ. ಒಂದೇ ಒಂದು ನೇಮಕಾತಿ ಎರಡು ವರ್ಷಕ್ಕೂ ಮೀರಿ ನಿಂತಿತು. ಆ ಎರಡು ವರ್ಷ ಕೋಣೆಯ ಬಾಡಿಗೆ ಕಟ್ಟಿದವರು ಹೊಲದಲ್ಲಿದ್ದ ಅಪ್ಪ, ಅವ್ವ. ಎಷ್ಟು ವರ್ಷ ಪ್ರಯತ್ನಿಸಬೇಕು, ಯಾವಾಗ ನಿಲ್ಲಿಸಬೇಕು, ನಿಲ್ಲಿಸಿದರೆ ಮುಂದೇನು ಎಂಬುದನ್ನು ಹೇಳಬೇಕಾದವರು ಪಾಸಾಗಿ ಹಾರ ಹಾಕಿಸಿಕೊಂಡವರಲ್ಲ, ಪಾಸಾಗದೆ ಬೇರೆ ಬದುಕು ಕಟ್ಟಿಕೊಂಡವರು. ಅವರನ್ನು ನಾವು ಯಾವ ಸತ್ಕಾರ ಸಮಾರಂಭಕ್ಕೂ ಕರೆದಿಲ್ಲ. ಪಾಡ್‌ಕಾಸ್ಟಿಗೆ ಮೊದಲು ಕರೆಯಬೇಕಾದವರು ಅವರೇ.

ನಾಲ್ಕು, ಹೆಣ್ಣುಮಕ್ಕಳು. ಚಿನ್ನದ ಪದಕ ಪಡೆದವಳನ್ನು 'ಬೆಂಗಳೂರಿಗೆ ಒಬ್ಬಳನ್ನೇ ಹೆಂಗ ಕಳಸೂದು' ಎಂದು ಮನೆಯಲ್ಲಿ ಕೂರಿಸುವುದು ನಮ್ಮ ಸಮಾಜದಲ್ಲಿ ನಿಂತಿಲ್ಲ. ಅಕ್ಕನ ಬಳಗದ ವೇದಿಕೆಯಲ್ಲಿ ಅಕ್ಕಮಹಾದೇವಿಯ ಧೈರ್ಯವನ್ನು ಹೊಗಳಿ ಬಂದ ಸಂಜೆಯೇ ಈ ಮಾತು ಆಡುತ್ತೇವೆ. ಮಹಿಳಾ ವಸತಿಗೃಹದಲ್ಲಿದ್ದು ದುಡಿಯುವ ಹುಡುಗಿಯೊಬ್ಬಳು ತನ್ನ ದಿನಚರಿಯನ್ನು ತಾನೇ ಹೇಳಲಿ. 10 ಅಥವಾ ಹೆಚ್ಚು ಜನ ದುಡಿಯುವ ಕಡೆ ಲೈಂಗಿಕ ಕಿರುಕುಳದ ದೂರು ಕೇಳಲು ಆಂತರಿಕ ಸಮಿತಿ ಇರಲೇಬೇಕೆಂದು 2013ರ ಕಾನೂನು ಹೇಳುತ್ತದೆ ಎಂಬುದನ್ನೂ ಹೇಳಲಿ. ಆ ಸಂಚಿಕೆ ಮಗಳಿಗಿಂತ ಹೆಚ್ಚಾಗಿ ತಂದೆ ತಾಯಿ ಕೇಳಬೇಕಾದದ್ದು.

ಈಗ ಆಕ್ಷೇಪಣೆಗಳಿಗೆ ಬರೋಣ. 'ಮಠದ ಕೆಲಸ ಧರ್ಮಬೋಧೆ, ನೌಕರಿಯ ವಿಚಾರ ನಮಗೇಕೆ?' ಎಂದು ಹಿರಿಯ ಶರಣರೊಬ್ಬರು ಕೇಳಿದರು. ಆಯ್ದಕ್ಕಿ ಲಕ್ಕಮ್ಮ ಗಂಡ ಮಾರಯ್ಯ ತಂದ ಹೆಚ್ಚಿನ ಅಕ್ಕಿಯನ್ನು ತಿರುಗಿ ಚೆಲ್ಲಿ ಬಾ ಎಂದು ಕಳಿಸಿದ ಕಥೆ ಧರ್ಮದ್ದೋ, ದುಡಿಮೆಯದ್ದೋ? ಎಷ್ಟು ತೆಗೆದುಕೊಳ್ಳಬೇಕು, ಯಾವುದು ನಮ್ಮದಲ್ಲ ಎಂಬ ವಿವೇಕವೇ ಅಲ್ಲಿ ಧರ್ಮವಾಗಿದೆ. ಲಂಚ ಕೊಟ್ಟು ಹುದ್ದೆ ಪಡೆಯಲು ಹೊಲ ಮಾರುವ ತಂದೆಗೆ ಆ ಕಥೆಯನ್ನು ಹುದ್ದೆಯ ವಿಚಾರ ಬಿಟ್ಟು ಹೇಳಿದರೆ ಅದು ಪುರಾಣವಾಗಿ ಉಳಿಯುತ್ತದೆ.

'ಯೂಟ್ಯೂಬ್ ತುಂಬ ಇಂಥವೇ ಇವೆಯಲ್ಲ?' ಎಂಬುದು ಇನ್ನೊಂದು. ಇವೆ. ಬಹುಪಾಲು ಇಂಗ್ಲಿಷ್, ಹಿಂದಿಯಲ್ಲಿವೆ. ಎಷ್ಟೋ ಸಲ ಹತ್ತು ನಿಮಿಷದ ಉಪದೇಶದ ಕೊನೆಗೆ ಕೋರ್ಸು ಮಾರುತ್ತಾರೆ. ನಮ್ಮದು ದಾಸೋಹವಾಗಬೇಕು. ಶುಲ್ಕವಿಲ್ಲ, ಜಾಹೀರಾತಿಲ್ಲ, ದಾನಿಗಳ ಹೆಸರಿನ ಪಟ್ಟಿ ಇಲ್ಲ, ಪ್ರತಿ ಸಂಚಿಕೆಯ ಆರಂಭದಲ್ಲಿ ಐದು ನಿಮಿಷದ ಸ್ವಾಗತ ಭಾಷಣವಂತೂ ಬೇಡವೇ ಬೇಡ.

ಮೂರನೆಯದು ಯಾರೂ ಬಾಯಿಬಿಟ್ಟು ಹೇಳದ, ಆದರೆ ಎಲ್ಲರ ಮನಸ್ಸಿನಲ್ಲಿರುವ ಆಸೆ: 'ನಮ್ಮ ಹುಡುಗರಿಗೆ ನಮ್ಮವರ ಕಂಪನಿಗಳಲ್ಲಿ ಕೆಲಸ ಕೊಡಿಸಲಿಕ್ಕೆ ಇದೊಂದು ಒಳ್ಳೆಯ ವ್ಯವಸ್ಥೆ.' ಇದು ಆ ಹಾದಿ ಹಿಡಿದರೆ ಮೊದಲು ವಿರೋಧಿಸುವವನು ನಾನೇ. ಹುಟ್ಟನ್ನು ಕೇಳಿ ಬಾಗಿಲು ತೆರೆಯುವುದು ಕಲ್ಯಾಣದ ಶರಣರು ಪ್ರಾಣ ಪಣವಿಟ್ಟು ಎದುರಿಸಿದ ಪದ್ಧತಿ. ಪ್ರಸಾದದ ಪಂಕ್ತಿಯಲ್ಲಿ ಜಾತಿ ಕೇಳದವರು ಕೆಲಸದ ಮಾಹಿತಿಯಲ್ಲಿ ಕೇಳುವುದು ಹೇಗೆ? ಧ್ವನಿಗೆ ಒಂದು ಒಳ್ಳೆಯ ಗುಣವಿದೆ. ಅದು ಯಾರ ಮೊಬೈಲಿನಲ್ಲಿ ಹೋಗಿ ಕೂತಿತೆಂದು ನಮಗೆ ತಿಳಿಯುವುದಿಲ್ಲ. ಆ ಗುಣವನ್ನು ಹಾಗೇ ಉಳಿಸಿಕೊಳ್ಳೋಣ.

ಕೊನೆಯದು ಕಹಿಯಾದ ಮಾತು. ನಮ್ಮ ಎಂಟು ಸಂಚಿಕೆಗಳಲ್ಲಿ ಒಂದು ಇನ್ನೂ ಹೊರಬಂದಿಲ್ಲ. 'ನೇಮಕಾತಿ ಪತ್ರವಿಲ್ಲದೆ ಕೆಲಸಕ್ಕೆ ಸೇರಬೇಡಿ, ಭವಿಷ್ಯನಿಧಿಯ ಬಗ್ಗೆ ಮೊದಲ ದಿನವೇ ಕೇಳಿ, ಹುದ್ದೆಗಾಗಿ ಡೊನೇಷನ್ ಕೊಡಬೇಡಿ' ಎಂಬ ಸಂಚಿಕೆ ಅದು. ಮುದ್ರಣವಾದ ಮೇಲೆ ನಮ್ಮ ತಂಡದ ವಿದ್ಯಾರ್ಥಿನಿಯೊಬ್ಬಳು ಮೆಲ್ಲಗೆ ಕೇಳಿದಳು: "ಸರ, ನಮ್ಮ ಕಾಲೇಜಿನ ಅತಿಥಿ ಉಪನ್ಯಾಸಕರಿಗೆ ಇವೆಲ್ಲಾ ಅದಾವೇನ್ರಿ?" ನಾನು ಉತ್ತರಿಸಲಿಲ್ಲ. ಆ ಧ್ವನಿ ನನ್ನ ಮೊಬೈಲಿನಲ್ಲೇ ಇದೆ.

ನಮ್ಮ ಸಮುದಾಯದ ಎಷ್ಟೋ ವಿದ್ಯಾಸಂಸ್ಥೆಗಳಲ್ಲಿ ವರ್ಷಕ್ಕೆ ಹತ್ತು ತಿಂಗಳ ಸಂಬಳದಲ್ಲಿ, ಒಂದು ಹಾಳೆಯ ಆದೇಶವೂ ಇಲ್ಲದೆ ಪಾಠ ಮಾಡುವ ಉಪನ್ಯಾಸಕರಿದ್ದಾರೆ. ಅವರೂ ಒಂದು ಕಾಲಕ್ಕೆ ಪ್ರಸಾದ ನಿಲಯದಲ್ಲಿ ಉಂಡವರೇ. ಸೇವೆ ಎಂಬ ಹೆಸರಿನಲ್ಲಿ ಅವರ ಕೂಲಿಯನ್ನು ಕಡಿಮೆ ಮಾಡಿದರೆ ಅದು ಕಾಯಕವೂ ಅಲ್ಲ, ದಾಸೋಹವೂ ಅಲ್ಲ. ಮಕ್ಕಳಿಗೆ ಹಕ್ಕು ಕೇಳಲು ಕಲಿಸಿದರೆ ಮೊದಲ ಪ್ರಶ್ನೆ ನಮ್ಮ ಕಡೆಗೇ ಬರುತ್ತದೆ. ಅದಕ್ಕೆ ಹೆದರಿ ಸುಮ್ಮನಿರುವುದು ಒಂದು ದಾರಿ. ಪ್ರಶ್ನೆ ಬರಲಿ ಎಂದು ಬಾಗಿಲು ತೆರೆಯುವುದು ಇನ್ನೊಂದು. ಮಂಟಪ ಕಟ್ಟಿದವರು ಎರಡನೆಯದನ್ನು ಆರಿಸಿಕೊಂಡಿದ್ದರು.

ಆದ್ದರಿಂದ ಪೂಜ್ಯರಲ್ಲಿ, ಸಂಸ್ಥೆಗಳ ಪದಾಧಿಕಾರಿಗಳಲ್ಲಿ, ಬಸವ ಕೇಂದ್ರಗಳ ಬಂಧುಗಳಲ್ಲಿ ನನ್ನ ಬಿನ್ನಹ ಇಷ್ಟು. ಪ್ರತಿ ಪ್ರಸಾದ ನಿಲಯದಲ್ಲಿ ಒಂದು ಸಣ್ಣ ಕೋಣೆ, ಒಂದು ಮೈಕು, ನಾಲ್ಕೈದು ವಿದ್ಯಾರ್ಥಿಗಳ ತಂಡ ಇರಲಿ. ಅದರಲ್ಲಿ ಅರ್ಧದಷ್ಟು ಹೆಣ್ಣುಮಕ್ಕಳಿರಲಿ. ಪ್ರಶ್ನೆ ಕೇಳುವವರು ವಿದ್ಯಾರ್ಥಿಗಳೇ ಆಗಿರಲಿ, ಹಿರಿಯರು ಕೇಳಿಸಿಕೊಳ್ಳಲಿ. ತಿಂಗಳಿಗೆ ಎರಡು ಸಂಚಿಕೆ, ಹದಿನೈದು ನಿಮಿಷ ಮೀರದಂತೆ. ಹೇಳಿದ ಕಾನೂನು, ಅಂಕಿಗಳನ್ನು ಸಮುದಾಯದ ವಕೀಲರೊಬ್ಬರು, ಲೆಕ್ಕಪರಿಶೋಧಕರೊಬ್ಬರು ಮುಂಚೆಯೇ ನೋಡಿ ಕೊಡಲಿ. ತಪ್ಪಾದರೆ ಮುಂದಿನ ಸಂಚಿಕೆಯಲ್ಲಿ ಮೊದಲು ಅದನ್ನೇ ತಿದ್ದಲಿ. ಮಾಸಿಕ ಶಿವಾನುಭವ ಗೋಷ್ಠಿಯಲ್ಲಿ ಒಂದು ಸಂಚಿಕೆಯನ್ನು ಎಲ್ಲರೂ ಕೂತು ಕೇಳಲಿ. ಪಾಲಕರಿಗೂ ಕಿವಿಗೆ ಬೀಳಲಿ.

ಮತ್ತೊಂದು ಮಾತು ನಮ್ಮ ಮನೆಗಳಿಗೆ. ಗಂಡು ನೋಡಲು ಹೋದಾಗ 'ಸರ್ಕಾರಿ ನೌಕರಿಯೇ?' ಎಂದು ಮೊದಲು ಕೇಳುವವರು ನಾವೇ. ಒಕ್ಕಲುತನ ಮಾಡುವವನಿಗೆ, ವೈರಿಂಗ್ ಮಾಡುವವನಿಗೆ, ಅಂಗಡಿ ಇಟ್ಟವನಿಗೆ ಹೆಣ್ಣು ಕೊಡಲು ಹಿಂಜರಿಯುತ್ತ, ವೇದಿಕೆಯಲ್ಲಿ ಎಲ್ಲ ಕಾಯಕವೂ ಸಮಾನ ಎಂದರೆ ಮಕ್ಕಳು ನಮ್ಮ ಯಾವ ಮಾತನ್ನು ನಂಬಬೇಕು? ಪಾಡ್‌ಕಾಸ್ಟಿನಲ್ಲಿ ಒಬ್ಬ ವೈರಮನ್ ತನ್ನ ಕೆಲಸದ ಹೆಮ್ಮೆಯನ್ನು ಹೇಳಿದಾಗ ಆ ಮಾತು ನಮ್ಮ ಪಡಸಾಲೆಯವರೆಗೂ ಬರಬೇಕು.

ಅಂಕಪಟ್ಟಿ ಕಳೆದುಕೊಂಡ ಆ ಹುಡುಗ ಈಗ ಹುಬ್ಬಳ್ಳಿಯಲ್ಲಿ ಲೆಕ್ಕಪರಿಶೋಧಕರೊಬ್ಬರ ಕಚೇರಿಯಲ್ಲಿ ಜಿಎಸ್‌ಟಿ ಕೆಲಸ ಮಾಡುತ್ತಾನೆ. ನಮ್ಮ ನಾಲ್ಕನೆಯ ಸಂಚಿಕೆಯಲ್ಲಿ ತಾನು ಮೋಸ ಹೋದದ್ದನ್ನು ತಾನೇ ಹೇಳಿದ್ದಾನೆ, ಹೆಸರು ಹೇಳಬೇಡಿ ಎಂಬ ಷರತ್ತಿನ ಮೇಲೆ. ಅದು ಹೊರಬಂದ ಹತ್ತನೇ ದಿನ ಬೇರೊಂದು ಊರಿನಿಂದ ಒಬ್ಬ ಹುಡುಗ ಫೋನು ಮಾಡಿದ. ನಾಳೆ ಬೆಳಿಗ್ಗೆ ಹನ್ನೆರಡು ಸಾವಿರ ಕಟ್ಟಬೇಕಿದೆ, ಕಟ್ಟಲೋ ಬೇಡವೋ ಎಂದು ಕೇಳಿದ.

ಬೇಡ ಎಂದೆ. ಅವನಿಗೆ ಕೇಳಲು ಒಬ್ಬರಿದ್ದರು.